ಈ ಸಲ ಲಾಭನಾ ರೈಟ್ರೇ?

ಕಾಫಿ ತೋಟದ ಲೆಕ್ಕ ಬರೆದವರಿಗೆ ‘ಲಾಭ’ ಅನ್ನುವ ಪದದ ಮೇಲೆ ಸ್ವಲ್ಪ ಅನುಮಾನ ಇದ್ದೇ ಇರುತ್ತದೆ. ನನಗಂತೂ ಇದೆ.

ನಮ್ಮ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವವನನ್ನು ರೈಟರ್ ಅಂತಾರೆ. ಕತೆ ಕವನ ಬರೆಯುವ ರೈಟರ್ ಅಲ್ಲ. ಬೆಳಗ್ಗೆ ಹಾಜರಿ ತೆಗೆದುಕೊಂಡು, ಚೆಕ್‌ರೋಲ್ ಅನ್ನುವ ಕೂಲಿ ಹಾಜರಿ ಪುಸ್ತಕ ತುಂಬಿಸಿ, ಸಂಜೆ ಕಾಫಿ ಹಣ್ಣಿನ ತೂಕ ಬರೆದುಕೊಂಡು, ಗೊಬ್ಬರದ ಚೀಲ ಎಣಿಸಿ, ವಾರದ ಕೊನೆಗೆ ಬಟವಾಡೆ ಮಾಡುವವನು. ಈಸ್ಟ್ ಇಂಡಿಯಾ ಕಂಪನಿ ತನ್ನ ಗುಮಾಸ್ತರನ್ನು ಕರೆಯುತ್ತಿದ್ದದ್ದೂ ರೈಟರ್ ಅಂತಲೇ. ಕಂಪನಿ ಹೋಯಿತು, ಹೆಸರು ಮಾತ್ರ ನಮ್ಮ ಕಾಫಿ ತೋಟಗಳಲ್ಲಿ ಉಳಿದುಕೊಂಡಿತು. ಕೊಡಗಿನ ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ಆ ಕೆಲಸ ಮಾಡುತ್ತಲೇ ನನ್ನ ತಲೆ ಬೆಳ್ಳಗಾದದ್ದು. ಈಗ ನಿವೃತ್ತಿ. ಆದರೂ ಅಕ್ಕಪಕ್ಕದ ಸಣ್ಣ ಬೆಳೆಗಾರರು ಬಿಡುವುದಿಲ್ಲ. ಫೆಬ್ರವರಿ ಮಾರ್ಚ್ ಬಂದರೆ ಚೀಟಿ, ಬಿಲ್ಲು, ತೂಕದ ಸ್ಲಿಪ್ ಎಲ್ಲ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ಕೂತು ಒಂದು ಲೋಟ ಕಾಫಿ ಕುಡಿಯುತ್ತಾರೆ. ಆಮೇಲೆ ಅದೇ ಪ್ರಶ್ನೆ: ‘ಈ ಸಲ ಲಾಭನಾ ರೈಟ್ರೇ?’

ಇದಕ್ಕೆ ಥಟ್ಟನೆ ಉತ್ತರ ಕೊಡುವ ಹಾಗಿಲ್ಲ. ಯಾಕೆಂದರೆ ಎಲ್ಲರೂ ಹೇಳುವುದು ಅದೇ ಪದ, ಮನಸ್ಸಿನಲ್ಲಿರುವ ಲೆಕ್ಕ ಬೇರೆ ಬೇರೆ. ಬೆಳೆಗಾರನಿಗೆ ಲಾಭ ಅಂದರೆ ಕೈಗೆ ಬಂದ ದುಡ್ಡು. ಕಾಫಿ ಕೊಳ್ಳುವವನಿಗೆ ಕೊಂಡ ರೇಟಿಗೂ ಮಾರಿದ ರೇಟಿಗೂ ನಡುವೆ ಉಳಿದದ್ದು. ಬ್ಯಾಂಕಿನವರಿಗೆ ಖರ್ಚು, ಬಡ್ಡಿ, ಸವಕಳಿ ಎಲ್ಲ ಕಳೆದ ಮೇಲೆ ಕೊನೆಯ ಸಾಲಿನಲ್ಲಿ ಕಾಣುವ ಅಂಕಿ. ಮನೆ ನಡೆಸುವ ಹೆಂಗಸರಿಗೆ ಸಾಲ ತೀರಿ, ಮಕ್ಕಳ ಫೀಸು ಕಟ್ಟಿ, ಮಳೆಗಾಲಕ್ಕೆ ಬೇಕಾದದ್ದು ತಂದಿಟ್ಟ ಮೇಲೂ ಡಬ್ಬಿಯಲ್ಲಿ ಇರುವುದು. ಬ್ಯಾಂಕಿನವರ ಲೆಕ್ಕ ಸರಿ, ಬೆಳೆಗಾರನದು ತಪ್ಪು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಪದದ ಹುಟ್ಟು ನೋಡಿದರೆ ಅದಕ್ಕೆ ತೀರಾ ಹತ್ತಿರ ಇರುವವನು ಬೆಳೆಗಾರನೇ.

ಲಾಭ ಸಂಸ್ಕೃತದಿಂದ ಬಂದದ್ದು. ಅದರ ಧಾತು ‘ಲಭ್’. ಅರ್ಥ ಇಷ್ಟೇ: ಸಿಗು, ಪಡೆ, ಕೈಗೆ ಬರು. ಇದರಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಸಿಕ್ಕಿತಾ? ಸಿಕ್ಕಿತು. ಮುಗಿಯಿತು. ಹಾಗೆ ನೋಡಿದರೆ ನಾವು ದಿನಾ ಬಳಸುವ ಎಷ್ಟೋ ಪದಗಳಲ್ಲಿ ಈ ಲಭ್ ಕೂತಿದೆ. ಸುಲಭ ಅಂದರೆ ಸಲೀಸಾಗಿ ಸಿಗುವುದು. ದುರ್ಲಭ ಅಂದರೆ ಕಷ್ಟಪಟ್ಟರೆ ಮಾತ್ರ ಸಿಗುವುದು. ಸೊಸೈಟಿ ಬಾಗಿಲಿಗೆ ‘ಯೂರಿಯಾ ಲಭ್ಯವಿಲ್ಲ’ ಅಂತ ಬೋರ್ಡ್ ಹಾಕುತ್ತಾರಲ್ಲ, ಅದೂ ಇದೇ ಮನೆತನ. ಹಿತೋಪದೇಶದ ಮೊದಲ ಭಾಗದ ಹೆಸರು ಮಿತ್ರಲಾಭ. ಸ್ನೇಹಿತರಿಂದ ದುಡ್ಡು ಮಾಡುವುದು ಹೇಗೆ ಅಂತ ಅದರಲ್ಲಿ ಹೇಳಿಲ್ಲ. ಸ್ನೇಹಿತರು ಸಿಗುವುದು ಅಂತಷ್ಟೇ. ಜಾತಕ ನೋಡುವವರು ಹನ್ನೊಂದನೇ ಮನೆಯನ್ನು ಲಾಭಸ್ಥಾನ ಅನ್ನುತ್ತಾರೆ. ಅಲ್ಲಿ ಗುರು ಬಂದರೆ ಒಳ್ಳೆಯದು ಅಂತ ನಮ್ಮ ಮನೆಯವಳು ಈಗಲೂ ಪಂಚಾಂಗ ತಿರುವಿ ಹಾಕುತ್ತಾಳೆ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ವೇದದ ಭಾಷೆಯಲ್ಲಿ ‘ರಭ್’ ಅನ್ನುವ ಧಾತು ಇದೆ, ಹಿಡಿದುಕೊಳ್ಳು ಅಂತ ಅರ್ಥ. ಲಭ್ ಅದರದೇ ಇನ್ನೊಂದು ರೂಪ. ಆರಂಭ ಅನ್ನುವ ಪದ ಬಂದಿರುವುದು ಆ ರಭ್‌ನಿಂದ. ಈಗ ನಮ್ಮ ಹಳ್ಳಿಯ ಮಾತು ನೆನಪು ಮಾಡಿಕೊಳ್ಳಿ. ಹಳಬರು ಬೇಸಾಯಕ್ಕೆ ಆರಂಭ ಅಂತಲೇ ಅನ್ನುತ್ತಿದ್ದರು. ಬೇಸಾಯಗಾರ ಅಂದರೆ ಆರಂಭಗಾರ. ‘ಅವರ ಮನೇಲಿ ಆರಂಭ ಜೋರು’ ಅಂದರೆ ಉಳುಮೆ, ದನ, ಕಣ ಎಲ್ಲ ಜೋರು ಅಂತ. ಅಂದರೆ ಆರಂಭ ಮತ್ತು ಲಾಭ ದಾಯಾದಿಗಳು! ಬೇಸಾಯ ಮಾಡಿದವರಿಗೆಲ್ಲ ಗೊತ್ತು, ದಾಯಾದಿಗಳ ಹಾಗೆಯೇ ಇವೆರಡೂ ಒಂದೇ ಸೂರಿನಡಿ ಇರುವುದು ಕಡಿಮೆ.

ಇನ್ನು ನಷ್ಟ. ಲಾಭಕ್ಕೆ ವಿರುದ್ಧ ಪದ ಏನು ಅಂದರೆ ಶಾಲೆಯ ಮಗು ಕೂಡ ನಷ್ಟ ಅನ್ನುತ್ತದೆ. ಗೀತೆಯಲ್ಲಿ ಹಾಗಿಲ್ಲ. ‘ಸುಖದುಃಖೇ ಸಮೇ ಕೃತ್ವಾ ಲಾಭಾಲಾಭೌ ಜಯಾಜಯೌ’ ಅಂತ ಎರಡನೇ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿ ಲಾಭದ ಜೋಡಿ ಅಲಾಭ. ಸಿಗುವುದು, ಸಿಗದಿರುವುದು. ನಷ್ಟ ಬಂದಿರುವುದು ‘ನಶ್’ ಧಾತುವಿನಿಂದ. ನಾಶ, ವಿನಾಶ ಎಲ್ಲ ಅದರ ಸಂಬಂಧಿಕರು. ಇದ್ದದ್ದು ಇಲ್ಲವಾಗುವುದು ನಷ್ಟ. ಬರಬೇಕಾದದ್ದು ಬಾರದಿರುವುದು ಅಲಾಭ.

ಇದೇನು ಪಂಡಿತರ ಕೂದಲು ಸೀಳುವ ಕೆಲಸ ಅಂತ ನಿಮಗೆ ಅನ್ನಿಸಬಹುದು. ಕಾಫಿ ತೋಟದಲ್ಲಿ ನಿಂತು ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬೀಳಬೇಕು. ಬೀಳಲಿಲ್ಲ, ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರೂ ಇಲ್ಲ. ಮೊಗ್ಗು ಅರಳದೆ ಒಣಗಿತು. ಮುಂದಿನ ವರ್ಷ ಕಾಯಿ ಇಲ್ಲ. ಇದು ಅಲಾಭ. ಕೈಗೆ ಬರಲೇ ಇಲ್ಲ. ಇನ್ನೊಂದು ವರ್ಷ ಹೂವು ಚೆನ್ನಾಗಿ ಆಯಿತು, ಕಾಯಿ ಕಚ್ಚಿತು, ಗೊಂಚಲು ನೋಡಿ ಬೆಳೆಗಾರ ಮನಸ್ಸಿನಲ್ಲೇ ಮೂಟೆ ಎಣಿಸಿದ. ಜುಲೈ ಆಗಸ್ಟ್‌ನಲ್ಲಿ ಬಿಡದೆ ಸುರಿಯಿತು. ತೊಟ್ಟು ಕೊಳೆತು ಕಾಯಿ ನೆಲಕ್ಕೆ ಬಿತ್ತು. ಇದು ನಷ್ಟ. ಎರಡರಲ್ಲೂ ಪುಸ್ತಕದಲ್ಲಿ ಬರುವ ಅಂಕಿ ಒಂದೇ ಇರಬಹುದು. ಆದರೆ ಎರಡನೆಯವನಿಗೆ ಗೊಬ್ಬರ, ಔಷಧಿ, ಕಳೆ ಕೂಲಿ ಎಲ್ಲ ಹೋಗಿರುತ್ತದೆ. ನಿದ್ದೆಯೂ ಹೋಗಿರುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವಲ್ಲ. ಆಗ ಕೆಲವರ ಫಸಲು ಮಾತ್ರ ಹೋಗಲಿಲ್ಲ, ಗಿಡ ಹೋಯಿತು, ಗಿಡ ನಿಂತಿದ್ದ ಮಣ್ಣೂ ಹೋಯಿತು. ಲೆಕ್ಕದ ಭಾಷೆಯಲ್ಲಿ ಅಸಲೇ ಹೋಯಿತು. ಅಸಲು ಅರಬ್ಬಿಯಿಂದ ಬಂದ ಪದ. ಅಲ್ಲಿ ಅದಕ್ಕೆ ಬೇರು, ಬುಡ ಅಂತ ಅರ್ಥ. ನಷ್ಟ ಅನ್ನುವ ಪದವನ್ನು ಅಂಥ ಕಡೆ ಬಳಸಬೇಕು. ರೇಟು ನೂರು ರೂಪಾಯಿ ಇಳಿದದ್ದಕ್ಕೆಲ್ಲ ‘ನಷ್ಟ ಆಯ್ತು’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮಜ್ಜನಿಗೆ ಈ ಧಾತು ಗೀತು ಏನೂ ಗೊತ್ತಿರಲಿಲ್ಲ. ಆದರೆ ಪದದ ನಿಜವಾದ ಅರ್ಥ ಗೊತ್ತಿತ್ತು. ಶನಿವಾರಸಂತೆ ಹತ್ತಿರ ನಮ್ಮದು ಸ್ವಲ್ಪ ಗದ್ದೆ. ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದರೆ ಅಳೆಯಲು ಅಜ್ಜನೇ ಕೂರಬೇಕು. ಕೊಳಗ ತುಂಬಿ, ಮೇಲೆ ಕೈ ಆಡಿಸಿ, ಗೋಣಿಗೆ ಸುರಿಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ‘ಲಾಭ’ ಅನ್ನುತ್ತಿದ್ದರು. ಅದನ್ನೇ ರಾಗವಾಗಿ ಎಳೆದು ಎಳೆದು ಹೇಳುವುದು. ‘ಲಾಭ... ಲಾಭ... ಲಾಭ...’ ಅಷ್ಟರಲ್ಲಿ ಎರಡನೇ ಕೊಳಗ ತುಂಬಿರುತ್ತದೆ. ಆಮೇಲೆ ‘ಎರಡು... ಎರಡು... ಎರಡು...’ ರಾಗ ಎಳೆಯುವುದು ಚಂದಕ್ಕಲ್ಲ, ಎಣಿಕೆ ತಪ್ಪಬಾರದು ಅಂತ.

ಇದು ನಮ್ಮ ಮನೆಯ ಪದ್ಧತಿ ಅಂತ ತಿಳಿಯಬೇಡಿ. ಕನ್ನಡ ನಾಡಿನ ತುಂಬಾ ಧಾನ್ಯ ಅಳೆಯುವವರು ಹೀಗೇ ಹೇಳುತ್ತಾರೆ. ತೆಲುಗಿನವರು, ತಮಿಳಿನವರು ಕೂಡ ಲಾಭದಿಂದಲೇ ಶುರು ಮಾಡುತ್ತಾರೆ. ಉತ್ತರದ ಕಡೆ ಕೆಲವರು ಒಂದಕ್ಕೆ ‘ಬರ್ಕತ್’ ಅನ್ನುತ್ತಾರೆ. ಅದು ಅರಬ್ಬಿ ಪದ, ದೇವರ ಕೃಪೆಯಿಂದ ಆಗುವ ಹೆಚ್ಚಳ ಅಂತ ಅರ್ಥ. ಒಂದು ಅಂದರೆ ಒಂಟಿ, ಒಂದೇ, ಇನ್ನಿಲ್ಲ. ರಾಶಿಯ ಮುಂದೆ ಕೂತು ಹಾಗೆ ಬಾಯಿ ತೆರೆಯಲು ಯಾರಿಗೆ ಮನಸ್ಸು ಬರುತ್ತದೆ? ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಲಾಭ ಅಲ್ಲಿ ಮೊದಲನೇ ಕೊಳಗ. ಕೊನೆಗೆ ಉಳಿದ ಕೊಳಗ ಅಲ್ಲ. ಗೇಣಿ, ಕೂಲಿ, ಬೀಜ, ಆಯಗಾರರ ಪಾಲು ಇದೆಲ್ಲ ಕೊಟ್ಟ ಮೇಲೆ ಮಿಕ್ಕಿದ್ದನ್ನು ಅಜ್ಜ ಲಾಭ ಅನ್ನಲಿಲ್ಲ. ಕಣಕ್ಕೆ ಬಂದದ್ದೇ ಲಾಭ. ಈಗ ಬಿ.ಕಾಂ. ಓದಿದ ಹುಡುಗರು ಪುಸ್ತಕದ ಕೊನೆಯ ಸಾಲಿನಲ್ಲಿ ಬರೆಯುವುದನ್ನು ಅವರು ಮೊದಲ ಉಸಿರಿನಲ್ಲೇ ಹೇಳಿಬಿಡುತ್ತಿದ್ದರು.

ಕೊಡಗಿನಲ್ಲಿ ಇದಕ್ಕಿಂತ ಹಳೆಯ ಪದವೊಂದಿದೆ. ಸುಗ್ಗಿ ಹಬ್ಬ ಹುತ್ತರಿ ಬಂದಾಗ ಕೇಳಿಸುತ್ತದೆ. ಕೊಡವರು ಪುತ್ತರಿ ಅನ್ನುತ್ತಾರೆ, ನಾವು ಹುತ್ತರಿ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತು ಮಾಡುತ್ತಾರೆ. ಆ ರಾತ್ರಿ ಮನೆ ಮಂದಿಯೆಲ್ಲ ದೀಪ ಹಿಡಿದು ಗದ್ದೆಗೆ ಇಳಿಯುತ್ತಾರೆ. ಕೋವಿಯ ಗುಂಡು ಹಾರುತ್ತದೆ. ಕದಿರು ಕೊಯ್ಯುವಾಗ ಕೂಗುವುದು ‘ಪೊಲಿ ಪೊಲಿ ದೇವಾ’. ಪೊಲಿ ಅಂದರೆ ಹೆಚ್ಚಲಿ, ತುಂಬಲಿ. ತುಳುವಿನಲ್ಲಿ ಪೊಲಿ ಅಂದರೆ ಸಮೃದ್ಧಿ. ತಮಿಳರೂ ಕಣದಲ್ಲಿ ಪೊಲಿ ಅಂತಲೇ ಕೂಗುತ್ತಿದ್ದರು, ರಾಶಿಗೂ ಅವರಲ್ಲಿ ಅದೇ ಹೆಸರಿದೆ. ಇದು ಸಂಸ್ಕೃತದಿಂದ ಬಂದದ್ದಲ್ಲ, ದ್ರಾವಿಡ ಭಾಷೆಗಳ ಸ್ವಂತ ಆಸ್ತಿ.

ತಮಾಷೆ ಏನೆಂದರೆ, ಇದೇ ಪೊಲಿ ಲೆಕ್ಕದ ಪುಸ್ತಕಕ್ಕೂ ಹೋಗಿದೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಬಡ್ಡಿಗೆ ‘ಪೊಲಿಸೈ’ ಅನ್ನುವ ಪದ ಬರುತ್ತದೆ. ದೇವಸ್ಥಾನಕ್ಕೆ ಯಾರೋ ಚಿನ್ನ ಕೊಡುತ್ತಾರೆ. ಊರಿನ ಸಭೆ ಅದನ್ನು ಇಟ್ಟುಕೊಂಡು, ಅದರ ಪೊಲಿಸೈಯಿಂದ ನಂದಾದೀಪ ಉರಿಸುತ್ತದೆ. ಗದ್ದೆಯಲ್ಲಿ ದೇವರನ್ನು ಕೇಳುವ ಹೆಚ್ಚಳವೂ ಅದೇ, ಸಾಲಗಾರನನ್ನು ಕೇಳುವ ಹೆಚ್ಚಳವೂ ಅದೇ! ನಮ್ಮ ‘ಬಡ್ಡಿ’ಯ ಕತೆಯೂ ಬೇರೆ ಅಲ್ಲ. ಸಂಸ್ಕೃತದ ವೃದ್ಧಿ ಪ್ರಾಕೃತದಲ್ಲಿ ವಡ್ಢಿ ಆಗಿ, ಕನ್ನಡಕ್ಕೆ ಬಂದು ಬಡ್ಡಿ ಆಯಿತು. ಸೊಸೈಟಿ ಸಾಲದ ನೋಟಿಸ್ ಬಂದಾಗ ಇದು ವೃದ್ಧಿ ಅಂತ ಯಾರಿಗೂ ಅನ್ನಿಸುವುದಿಲ್ಲ, ಅದು ಬೇರೆ ಮಾತು.

ಹಾಗಾದರೆ ಕಳೆದು ಉಳಿದದ್ದಕ್ಕೆ ನಮ್ಮ ಜನ ಏನನ್ನುತ್ತಾರೆ? ಪೇಟೆಯಲ್ಲಿ ಕಿವಿಗೊಟ್ಟು ಕೇಳಿ. ವ್ಯವಹಾರ ಕುದುರುವಾಗ ಯಾರೂ ‘ಲಾಭವಾಗುತ್ತದೆಯೇ’ ಅನ್ನುವುದಿಲ್ಲ. ‘ಗಿಟ್ಟುತ್ತಾ?’ ಅಂತಾರೆ. ‘ಆ ರೇಟಿಗೆ ಗಿಟ್ಟಲ್ಲ ಕಣಯ್ಯ.’ ‘ಕೂಲಿ ಇಷ್ಟು ಕೊಟ್ಟು ಕೊಯ್ಯಿಸಿದ್ರೆ ಏನು ಗಿಟ್ಟುತ್ತೆ?’ ಗಿಟ್ಟು ನನಗೆ ತುಂಬಾ ಇಷ್ಟದ ಪದ. ಇದೂ ಮೂಲದಲ್ಲಿ ಸಿಗು ಅಂತಲೇ. ಮಲಯಾಳದ ಕಿಟ್ಟು, ತಮಿಳಿನ ಕಿಟ್ಟು, ನಮ್ಮ ಗಿಟ್ಟು ಎಲ್ಲ ಒಂದೇ ಬೇರಿನವು. ಕೇರಳದಿಂದ ಬಂದು ಇಲ್ಲಿ ಮೆಣಸು ಕೊಳ್ಳುವವರು ಫೋನಿನಲ್ಲಿ ‘ಕಿಟ್ಟಿ, ಕಿಟ್ಟಿ’ ಅನ್ನುತ್ತಿದ್ದರೆ ಸಿಕ್ಕಿತು ಸಿಕ್ಕಿತು ಅಂತ ಅರ್ಥ. ನಮ್ಮವರ ಬಾಯಲ್ಲಿ ಮಾತ್ರ ಅದರ ಅರ್ಥ ಸ್ವಲ್ಪ ಚೂಪಾಗಿದೆ. ಗಿಟ್ಟಿತು ಅಂದರೆ ಹಾಕಿದ್ದಕ್ಕೆ, ಪಟ್ಟ ಪಾಡಿಗೆ ಸರಿಯಾಗಿ ಸಿಕ್ಕಿತು. ಖರ್ಚು ಕಳೆಯುವ ಲೆಕ್ಕ ಆ ಪದದ ಒಳಗೇ ಇದೆ. ಬ್ಯಾಲೆನ್ಸ್ ಶೀಟ್ ಓದಲು ಬಾರದ ಅಜ್ಜಿ ಕೂಡ ಇದನ್ನು ತಪ್ಪಿಲ್ಲದೆ ಬಳಸುತ್ತಾಳೆ.

ಅದರ ಎದುರಿಗೆ ಲುಕ್ಸಾನು. ಅರಬ್ಬಿಯ ನುಕ್ಸಾನ್ ನಮ್ಮ ಬಾಯಲ್ಲಿ ಲುಕ್ಸಾನು ಆಯಿತು. ಜಮಾ, ಖರ್ಚು, ಬಾಕಿ, ನಗದು, ಅಸಲು, ಫಸಲು ಎಲ್ಲ ಹೀಗೆ ಅರಬ್ಬಿ ಪಾರಸಿ ಕಡೆಯಿಂದ ಸರ್ಕಾರಿ ದಫ್ತರದ ದಾರಿಯಲ್ಲಿ ಬಂದವು. ಬಡಗಣ ಕರ್ನಾಟಕದವರು ಲಾಭಕ್ಕೂ ನಫೆ ಅಂತಾರೆ, ಅದೂ ಅರಬ್ಬಿಯದೇ. ಅಚ್ಚ ಕನ್ನಡದಲ್ಲಿ ಬಂಡವಾಳಕ್ಕೆ ‘ಮೊದಲು’ ಅನ್ನುವ ಪದವಿದೆ. ಲಾಭದ ಆಸೆಗೆ ಹೋಗಿ ಮೊದಲಿಗೇ ಮೋಸ ಹೋದ ಅಂತೀವಲ್ಲ, ಆ ಮೊದಲು. ಒಬ್ಬ ರೈಟರ್‌ನ ಒಂದು ಪುಟದಲ್ಲಿ ಎಷ್ಟು ದೇಶದ ಪದ ಇರುತ್ತದೆ ನೋಡಿ. ರೈಟರ್ ಇಂಗ್ಲಿಷು, ಅಸಲು ಅರಬ್ಬಿ, ಬಡ್ಡಿ ಪ್ರಾಕೃತ, ಲಾಭ ಸಂಸ್ಕೃತ. ಗಿಟ್ಟಿದ್ದು ಮಾತ್ರ ನಮ್ಮದು.

ಈಗಿನ ಅರ್ಥದ ಲಾಭ ಎಸ್ಟೇಟಿಗೆ ಬಂದದ್ದು ಇಂಗ್ಲಿಷಿನವರ ಜೊತೆ. ಕೊಡಗಿನ ರಾಜರ ಆಡಳಿತದ ಬರವಣಿಗೆ ಕನ್ನಡದಲ್ಲೇ ಇತ್ತು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1854ರಲ್ಲಿ ಫೌಲರ್ ಅನ್ನುವ ಯುರೋಪಿನ ಪ್ಲಾಂಟರ್ ಮಡಿಕೇರಿಯಲ್ಲಿ ಎಸ್ಟೇಟ್ ತೆರೆದ. ಆಮೇಲೆ ದೊರೆಗಳ ತೋಟ, ದೊರೆಗಳ ಲೆಡ್ಜರ್. ಅದರ ಕೊನೆಗೆ ಪ್ರಾಫಿಟ್. ಈ ಪ್ರಾಫಿಟ್ ಕೂಡ ಮೊದಲು ದುಡ್ಡಿನ ಪದವಾಗಿರಲಿಲ್ಲ. ಲ್ಯಾಟಿನ್‌ನಲ್ಲಿ ಅದರ ಮೂಲಕ್ಕೆ ಮುಂದೆ ಹೋಗು, ಪ್ರಗತಿ ಆಗು ಅಂತ ಅರ್ಥ. ಇನ್ನು ಗೇನ್ ಅನ್ನುವುದರ ಮೂಲದಲ್ಲಿ ಮೇವು ಅರಸುವುದು, ಬೇಟೆಯಾಡುವುದು ಇದೆಯಂತೆ. ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಬಂತು. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ವ್ಯಾಪಾರದ ಆದಾಯದ ತಲೆಬರಹಕ್ಕೆ ಪ್ರಾಫಿಟ್ಸ್, ಗೇನ್ಸ್ ಎರಡನ್ನೂ ಸೇರಿಸಿಬಿಟ್ಟಿದ್ದರು. ಮುಂದೆ ಹೋದರೂ ತೆರಿಗೆ, ಬೇಟೆ ಆಡಿದರೂ ತೆರಿಗೆ.

ಕಾಫಿಗೆ ಅದರಲ್ಲೂ ಒಂದು ವಿಚಿತ್ರ ಇದೆ. ಬೆಳೆದ ಕಾಫಿಯನ್ನು ಒಣಗಿಸಿ ಸಿಪ್ಪೆ ಸಮೇತ ಹಾಗೆಯೇ ಚೆರ್ರಿಯಾಗಿ ಮಾರಿದರೆ ಅದು ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆಗಾರನೇ ಕ್ಯೂರಿಂಗ್, ಅಂದರೆ ಸಿಪ್ಪೆ ತೆಗೆದು ಹಸನು ಮಾಡುವ ಕೆಲಸ, ಮಾಡಿಸಿ ಬೀಜವಾಗಿ ಮಾರಿದರೆ ಆದಾಯದ ಶೇಕಡಾ 25ನ್ನು ವ್ಯಾಪಾರದ್ದು ಅಂತ ಲೆಕ್ಕ ಹಿಡಿಯುತ್ತಾರೆ. ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40. ಗಿಡ ಅದೇ, ಮಣ್ಣು ಅದೇ. ಸಿಪ್ಪೆ ತೆಗೆದ ಕೂಡಲೇ ಬೇಸಾಯ ಸ್ವಲ್ಪ ಕಡಿಮೆಯಾಗಿ ವ್ಯಾಪಾರ ಸ್ವಲ್ಪ ಜಾಸ್ತಿ ಆಗುತ್ತದೆ. ಇದನ್ನು ಬೆಳೆಗಾರರಿಗೆ ವಿವರಿಸಿ ಹೇಳಿದಾಗ ಅವರು ನನ್ನ ಮುಖ ನೋಡುವ ರೀತಿ ಇದೆಯಲ್ಲ, ನಾನೇ ಕಾಯಿದೆ ಮಾಡಿದ ಹಾಗೆ.

ನನ್ನ ಅನುಮಾನ ಬಲವಾದದ್ದು ಪೂಲ್ ಕಾಲದಲ್ಲಿ. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ. 1942ರ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ಮನೆ ಖರ್ಚಿಗೆ ಇಷ್ಟು ಅಂತ ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಬೇರೆ ಯಾರಿಗೂ ಮಾರುವ ಹಾಗಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಬೋರ್ಡ್ ಹರಾಜು ಹಾಕುತ್ತಿತ್ತು. ಜಾತಿ, ಗುಣಮಟ್ಟ ನೋಡಿ ಪಾಯಿಂಟ್ ಲೆಕ್ಕ. ಕೊಟ್ಟಾಗ ಸ್ವಲ್ಪ ಮುಂಗಡ. ಉಳಿದದ್ದು ಕಂತು ಕಂತಾಗಿ, ಮಾರಾಟ ಆದ ಹಾಗೆ ಬರಬೇಕು. ಈ ವರ್ಷದ ಕಾಫಿಗೆ ಮುಂದಿನ ವರ್ಷವೂ ದುಡ್ಡು ಬರುತ್ತಿತ್ತು. ಬಂದಾಗ ಅದು ಯಾವ ವರ್ಷದ್ದು ಅಂತ ಬರೆಯುವಷ್ಟರಲ್ಲಿ ರೈಟರ್ ಬೆವರುತ್ತಿದ್ದ.

ಆಗ ಲಾಭ ಅನ್ನುವುದು ಕ್ಯಾಲೆಂಡರಿನಿಂದ ಪೂರ್ತಿ ಬಿಡಿಸಿಕೊಂಡಿತ್ತು. ಹಳೇ ವರ್ಷದ ಕಂತು ಬಂತು ಅಂದರೆ ತೋಟದಲ್ಲಿ ಹಬ್ಬ. ಅದರ ಖರ್ಚು ಯಾವತ್ತೋ ಮರೆತುಹೋಗಿರುತ್ತಿತ್ತು. ಮದುವೆ, ಹೆಂಚು ಬದಲಾಯಿಸುವುದು, ಸೆಕೆಂಡ್ ಹ್ಯಾಂಡ್ ಜೀಪು ಎಲ್ಲ ಆ ದುಡ್ಡಿನಲ್ಲಿ. ಸಿಕ್ಕಿತು, ಲಾಭ! ಲಭ್ ಧಾತುವಿನ ಶುದ್ಧ ರೂಪ ನಾನು ನೋಡಿದ್ದು ಅಲ್ಲೇ. 1990ರ ದಶಕದಲ್ಲಿ ಕಟ್ಟುಪಾಡು ಸ್ವಲ್ಪ ಸ್ವಲ್ಪ ಸಡಿಲವಾಗಿ, 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಮನೆ ಬಾಗಿಲಿಗೇ ಲಾರಿ, ಕೈಗೆ ನಗದು. ಕೆಲವೇ ವರ್ಷಕ್ಕೆ ಜಗತ್ತಿನ ತುಂಬಾ ಕಾಫಿ ಜಾಸ್ತಿಯಾಗಿ, 2001, 2002ರ ಹೊತ್ತಿಗೆ ರೇಟು ಪಾತಾಳಕ್ಕೆ ಇಳಿಯಿತು. ಆಗ ಕೊಯ್ಯುವ ಕೂಲಿಯೂ ಗಿಟ್ಟುವುದಿಲ್ಲ ಅಂತ ಕೆಲವರು ಗಿಡದಲ್ಲೇ ಹಣ್ಣು ಬಿಟ್ಟರು. ಪೂಲ್ ಬೈಯುತ್ತಿದ್ದವರೇ ಪೂಲ್ ನೆನೆಸಿಕೊಂಡರು. ನನಗೆ ಎರಡೂ ವ್ಯವಸ್ಥೆ ಬಗ್ಗೆ ಹೊಗಳಲು ದೊಡ್ಡದೇನಿಲ್ಲ. ಲೆಕ್ಕ ಬರೆಯಲು ಈಗಿನದು ಸುಲಭ.

ಸುಲಭ ಅಂದೆ, ಆದರೂ ಪೂರ್ತಿ ಅಲ್ಲ. ನೋಡಿ, ಮಾರ್ಚ್ 31ಕ್ಕೆ ಪುಸ್ತಕ ಮುಚ್ಚಬೇಕು. ರೊಬಸ್ಟಾ ಜಾತಿಯ ಕಾಫಿ ಕೊಯ್ಲು ಮುಗಿಯುವುದೇ ಆ ಹೊತ್ತಿಗೆ. ಕಣದಲ್ಲಿ ಇನ್ನೂ ಒಣಗುತ್ತಿರುತ್ತದೆ. ಅದೇ 31ರ ಆಚೀಚೆ ಗಿಡದಲ್ಲಿ ಮುಂದಿನ ವರ್ಷದ ಹೂವು. ಈ ಸಲ ಮಾಡಿದ ಕಸಿ (ಗಿಡದ ರೆಂಬೆ ಸವರುವುದಕ್ಕೆ ತೋಟದಲ್ಲಿ ಹಾಗಂತಾರೆ), ಹಾಕಿದ ಗೊಬ್ಬರ ಮುಂದಿನ ಫಸಲಿಗೆ. ರೇಟು ಬರಲಿ ಅಂತ ಗೋಡೌನ್‌ನಲ್ಲಿ ಇಟ್ಟ ಮೂಟೆ ಯಾವಾಗ ಹೊರಗೆ ಬರುತ್ತದೆ ಅಂತ ಅದರ ಯಜಮಾನನಿಗೂ ಗೊತ್ತಿಲ್ಲ. ಅರೇಬಿಕಾ ಆದರೆ ಒಂದು ವರ್ಷ ಜೋರಾಗಿ ಬಿಟ್ಟು ಮರುವರ್ಷ ಸುಮ್ನೆ ನಿಲ್ಲುತ್ತದೆ. ಇದರ ನಡುವೆ ಒಂದು ಗೆರೆ ಎಳೆದು ‘ಲಾಭ ಇಷ್ಟು’ ಅಂತ ಬರೆಯುವುದು ಅಂಗಡಿಯವರಿಗೆ ಸರಿ. ಬೆಳಗ್ಗೆ ತಂದದ್ದು ಸಂಜೆಗೆ ಹೋಗುತ್ತದೆ. ಗಿಡಕ್ಕೆ ಅದು ಕೂಡಿ ಬರುವುದಿಲ್ಲ.

ಮಾರುವಾಗಿನ ಲೆಕ್ಕ ಇನ್ನೊಂದು ಥರ. 50 ಕೆಜಿ ಚೆರ್ರಿ ಮೂಟೆಗೆ ಇಷ್ಟು ಅಂತ ರೇಟು ಇರುತ್ತದೆ. ಆದರೆ ಅದರಿಂದ ಎಷ್ಟು ಬೀಜ ಬರುತ್ತದೆ ಅನ್ನುವುದರ ಮೇಲೆ ದುಡ್ಡು. ಅದಕ್ಕೆ ಔಟ್ ಟರ್ನ್ ಅಥವಾ ಓಟಿ ಅಂತಾರೆ. ಸುಮಾರು 26, 27 ಕೆಜಿ ಬೀಜ ಬಂದರೆ ಪರವಾಗಿಲ್ಲ. ಕೊಳ್ಳುವವನು ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ, ತೇವ ನೋಡುತ್ತಾನೆ. ಆ ಒಂದು ಹಿಡಿಯಲ್ಲಿ ಇಡೀ ವರ್ಷದ ಪರೀಕ್ಷೆ. ಬೆಳೆಗಾರ ಆಗ ಅಂಗಡಿಯ ಗೋಡೆ ನೋಡುತ್ತಾ ಕೂತಿರುತ್ತಾನೆ. ಅಲ್ಲಿ ಕೆಲವು ಕಡೆ ಕುಂಕುಮದಲ್ಲಿ ಬರೆದಿರುತ್ತದೆ: ಶುಭ, ಲಾಭ. ಯಾರದು ಅಂತ ಬರೆದಿರುವುದಿಲ್ಲ.

2024ರಲ್ಲಿ ರೊಬಸ್ಟಾ ಚೆರ್ರಿ ಮೂಟೆಗೆ 10 ಸಾವಿರ ದಾಟಿತಲ್ಲ, ಆಗ ಇಡೀ ಜಿಲ್ಲೆ ಲಾಭ ಲಾಭ ಅಂತಿತ್ತು. ಪೇಟೆಯಲ್ಲಿ ಹೊಸ ಕಾರು ಜಾಸ್ತಿ ಕಂಡವು. ಸಂತೋಷ, ಬೆಳೆಗಾರನಿಗೆ ಎಷ್ಟೋ ವರ್ಷದ ಮೇಲೆ ಬಂದ ದಿನ. ಆದರೆ ಮಾರುವಷ್ಟು ಮೂಟೆ ಕೈಯಲ್ಲಿ ಉಳಿದಿದ್ದವರಿಗೆ ಮಾತ್ರ. ಕೊಯ್ದ ಕೂಡಲೇ ಸಾಲ ತೀರಿಸಲು ಕೊಟ್ಟವರು ರೇಟು ಏರುವುದನ್ನು ಮೊಬೈಲಿನಲ್ಲಿ ನೋಡುತ್ತಾ ಕೂತರು. ಅವರಿಗೆ ನಷ್ಟ ಆಗಲಿಲ್ಲ. ಬರೀ ಅಲಾಭ. ಈ ಪದ ನಮ್ಮ ಮಾತಿಗೆ ಮತ್ತೆ ಬರಬೇಕು ಅಂತ ನನ್ನ ಆಸೆ, ಅದಕ್ಕೆ ಕಾರಣ ಅವರೇ.

ಮೆಣಸಿನ ವಿಷಯಕ್ಕೆ ಬಂದರೆ ಲಾಭದ ಹಳೇ ಅರ್ಥ ಈಗಲೂ ಜೀವಂತ. ಸಿಲ್ವರ್ ಮರಕ್ಕೆ ಬಳ್ಳಿ ಹಬ್ಬಿಸಿರುತ್ತಾರೆ. ಕಾಫಿಗೆ ಕೊಟ್ಟ ಗೊಬ್ಬರ, ನೀರು ಅದಕ್ಕೂ ಸಿಗುತ್ತದೆ. ಹಾಗಾಗಿ ಬೆಳೆಗಾರನ ತಲೆಯಲ್ಲಿ ಮೆಣಸಿಗೆ ಖರ್ಚೇ ಇಲ್ಲ. ಬಂದದ್ದೆಲ್ಲ ಲಾಭ. ಏಣಿ ಹತ್ತಿ ಕೊಯ್ಯುವವನ ಕೂಲಿ ಕೇಳಿದಾಗ ಮಾತ್ರ ಸ್ವಲ್ಪ ನೆನಪಾಗುತ್ತದೆ.

ಈಗ ನಾನು ಮೇಜಿಗೆ ಬರುವವರ ಪುಸ್ತಕದಲ್ಲಿ ಲಾಭ ಅಂತ ಬರೆಯುವುದನ್ನು ಬಿಟ್ಟಿದ್ದೇನೆ. ಆಡಿಟರಿಗೆ ಕೊಡುವ ಕಾಗದದಲ್ಲಿ ಅವರು ಹೇಳಿದ ಹಾಗೆ ಇರಲಿ. ಮನೆಯ ಪುಸ್ತಕದಲ್ಲಿ ‘ಬಂದದ್ದು’, ‘ಹೋದದ್ದು’, ‘ಗೋಡೌನಿನಲ್ಲಿ ಇರುವುದು’, ‘ಗಿಟ್ಟಿದ್ದು’ ಅಂತ ನಾಲ್ಕು ಕಡೆ ಬರೆಯುತ್ತೇನೆ. ಎಲ್ಲರಿಗೂ ಅರ್ಥವಾಗುತ್ತದೆ. ಜಗಳ ಬರುವುದು ಹೋದದ್ದರಲ್ಲಿ. ಕೂಲಿಯವರಿಗೆ ಕೊಟ್ಟದ್ದು ಬರೆಸುತ್ತಾರೆ. ಮನೆಯವರೇ ಮಾಡಿದ ಕೆಲಸಕ್ಕೆ ಏನೂ ಬರೆಸುವುದಿಲ್ಲ. ಎರಡು ಎಕರೆ, ಮೂರು ಎಕರೆ ತೋಟದಲ್ಲಿ ಗಂಡ ಹೆಂಡತಿಯೇ ಮುಕ್ಕಾಲು ಕೆಲಸ ಮಾಡುವುದು. ಅದನ್ನು ಬಿಟ್ಟು ಉಳಿದದ್ದಕ್ಕೆ ಗಿಟ್ಟಿದ್ದು ಅಂತ ಹೇಗೆ ಬರೆಯುವುದು?

ಹೋದ ಸೀಸನ್ನಿನಲ್ಲಿ ಪಕ್ಕದ ತೋಟದವರಿಗೆ ಇದನ್ನೇ ಹೇಳಿದೆ. ‘ನಿಮ್ಮ ಕೂಲಿ, ಅಕ್ಕನ ಕೂಲಿ ಎರಡೂ ಹೋದದ್ದರಲ್ಲಿ ಬರೀಬೇಕು’ ಅಂದೆ. ಅವರಿಗೆ ಕೋಪ ಬಂತು. ‘ಸ್ವಂತ ತೋಟದಲ್ಲಿ ಯಾರಾದ್ರೂ ಕೂಲಿ ಬರೀತಾರಾ? ಹಾಗೆ ಬರೆದ್ರೆ ಏನೂ ಉಳಿಯಲ್ಲ’ ಅಂದರು. ‘ಅದನ್ನೇ ನಾನೂ ಹೇಳ್ತಿರೋದು’ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೆಂಡತಿ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೊರಟಿದ್ದವರು ಬಾಗಿಲಲ್ಲೇ ನಿಂತರು. ‘ನಂದು ಬರೀರಿ ರೈಟ್ರಣ್ಣ’ ಅಂದರು. ‘ದಿನಕ್ಕೆ ಎಷ್ಟು ಅಂತ ಹಾಕೋದನ್ನ ಇವರನ್ನ ಕೇಳ್ಬೇಡಿ, ನನ್ನ ಕೇಳಿ.’